ಖಾಲಿ ಬಿಡಬೇಕಾದ ಬೆನ್ನು

ರಿಯಾದಿನಲ್ಲಿ ನಮ್ಮ ಕಡೆಯವರ ಮದುವೆಗೆ ಮದರಂಗಿ ಹಾಕುವ ಹೆಂಗಸರು ನಾಲ್ಕೈದು ಮಂದಿ ಇದ್ದೇವೆ. ಅದರಲ್ಲಿ ನನ್ನದು ತುಂಬು ಕೈ ಎಂದು ಹೆಸರು. ಮದುಮಗಳ ಬೆರಳ ತುದಿಯಿಂದ ಮೊಣಕೈವರೆಗೆ ನಾನು ಬರೆದರೆ ಸಾಸಿವೆ ಇಡಲೂ ಜಾಗ ಉಳಿಯುವುದಿಲ್ಲ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇರಲಿಲ್ಲ. ಸೌದಿ ಹೆಂಗಸರು ದೊಡ್ಡ ಹೂವು, ಉದ್ದ ಬಳ್ಳಿ ಕೇಳುತ್ತಾರೆ. ನಡುವೆ ಚರ್ಮ ಕಂಡರೆ ಅವರಿಗೆ ಅಡ್ಡಿಯಿಲ್ಲ. ಸುಡಾನಿನವರಿಗೆ ಬಣ್ಣ ಕಪ್ಪಾದರೆ ಸಾಕು. ನಮ್ಮವರಿಗೆ ಮಾತ್ರ ತುಂಬಿರಬೇಕು.

ಈ ವಿಷಯದಲ್ಲಿ ನನಗೆ ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಆಗಿತ್ತು. ಅಲ್ ಖರ್ಜ್‌ನಲ್ಲಿ ಹಾಲಿನ ಕಂಪನಿಯ ನೌಕರರೊಬ್ಬರ ಮಗಳ ಮದುವೆ. ನಾನಾಗ ಈ ಕೆಲಸಕ್ಕೆ ಹೊಸಬಳು. ಮಣಿಕಟ್ಟಿನ ಹತ್ತಿರ ಹೆಬ್ಬೆರಳಗಲದ ಜಾಗ ಚೆನ್ನಾಗಿ ಕಾಣುತ್ತದೆಂದು ಹಾಗೇ ಬಿಟ್ಟಿದ್ದೆ. ಮದುಮಗನ ಸೋದರತ್ತೆ ಹುಡುಗಿಯ ಕೈಯನ್ನು ಎಲ್ಲರೆದುರು ಎತ್ತಿ ಹಿಡಿದು, "ಇದೆಂತ, ಕೋನ್ ಮುಗಿಯಿತಾ, ಮನಸ್ಸು ಮುಗಿಯಿತಾ?" ಎಂದು ಕೇಳಿದಳು. ಕೋಣೆಯಿಡೀ ನಕ್ಕಿತು. ಹುಡುಗಿಯ ತಾಯಿ ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನಾನು ಜಾಗ ಬಿಟ್ಟವಳಲ್ಲ.

ಹೊರದೇಶದ ಕಲಾವಿದೆಯೊಬ್ಬಳಿಗೆ ಬರೆಯುವ ಕೆಲಸ ನನಗೆ ಸಿಕ್ಕಿದ್ದು ನಮ್ಮ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿರುವ ನರ್ಸಿನಿಂದ. ಅವಳು ಉಡುಪಿ ಕಡೆಯ ಕೊಂಕಣಿ ಹೆಂಗಸು. ನಾನು ಉಳ್ಳಾಲದ ಬ್ಯಾರಿ. ಇಬ್ಬರ ನಡುವೆ ಇರುವುದು ಕನ್ನಡ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಚ್ಚದೆ ನಮ್ಮ ಬಾಗಿಲಲ್ಲಿ ನಿಂತಳು.

"ನಮ್ಮ ವಾರ್ಡಿನಲ್ಲಿ ನೈಜೀರಿಯಾದ ಸಿಸ್ಟರ್ ಒಬ್ಬಳಿದ್ದಾಳಲ್ಲ, ಅವಳ ಪರಿಚಯದವಳು ಬಂದಿದ್ದಾಳಂತೆ. ದೊಡ್ಡ ಆರ್ಟಿಸ್ಟ್. ಬೆನ್ನಿನ ಮೇಲೆ ಬರೀಲಿಕ್ಕೆ ಒಬ್ಬಳು ಹೆಂಗಸು ಬೇಕಂತೆ."

"ಬೆನ್ನಿಗಾ? ಬೆನ್ನಿಗೆ ಎಂತ ಮದರಂಗಿ?"

"ಮದರಂಗಿ ಅಲ್ಲ ಮಾರಾಯ್ತಿ, ಅವರದ್ದು ಬೇರೆ ಎಂತದೋ ಉಂಟಂತೆ. ಕೈ ನಡುಗದಿದ್ರೆ ಸಾಕಂತೆ. ನಿಮ್ಮ ಕೈ ಎಲ್ಲಿ ನಡುಗ್ತದೆ?"

ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ. ಬುಧವಾರ ಬೆಳಿಗ್ಗೆ ಬತ್ಹಾದ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಹೊರಟೆ. ಬತ್ಹಾದಲ್ಲಿ ಅತ್ತರಿನ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಸ್ಟೇಷನ್ ತನಕ ಬಂದು, "ಬೆನ್ನಿಗೆಲ್ಲ ಬರೆಸುವವರು ಇದ್ದಾರಾ ಲೋಕದಲ್ಲಿ" ಎಂದು ತಲೆ ಅಲ್ಲಾಡಿಸಿ ಹೋದ.

ಊರಿನ ಉತ್ತರಕ್ಕೆ, ಹಳೆಯ ಮಣ್ಣಿನ ಗೋಡೆಗಳ ಪಕ್ಕದಲ್ಲಿ, ಹೊರಗಿನಿಂದ ಬರುವ ಕಲಾವಿದರಿಗೆಂದು ಕೋಣೆಗಳನ್ನು ಕಟ್ಟಿದ್ದಾರೆ. ಆ ಕಲಾವಿದೆಗೆ ಕೊಟ್ಟ ಕೋಣೆ ನಮ್ಮ ಇಡೀ ಮನೆಗಿಂತ ದೊಡ್ಡದು. ನಲವತ್ತರ ಆಸುಪಾಸಿನ, ಗಟ್ಟಿ ಮೈಯ, ಕೂದಲು ಪೂರ್ತಿ ಬೋಳಿಸಿಕೊಂಡ ಹೆಂಗಸು. ಚೌಕಟ್ಟಿಗೆ ಬಿಗಿದು ಗೋಡೆಗೆ ಒರಗಿಸಿದ ಆರೇಳು ದೊಡ್ಡ ಬಟ್ಟೆಗಳಿದ್ದವು. ಕೆಮ್ಮಣ್ಣು ಬಳಿದ ಬಟ್ಟೆಯ ಮೇಲೆ ಕಪ್ಪು ಗೆರೆಗಳು. ಒಂದರಲ್ಲಿ ಒಂದು ಸುರುಳಿ. ಇನ್ನೊಂದರಲ್ಲಿ ಮೂಲೆಯಲ್ಲೊಂದು ಹಲ್ಲಿ, ಉಳಿದದ್ದೆಲ್ಲ ಬರೀ ಮಣ್ಣು. ಮುಂದಿನ ವಾರ ಪ್ರದರ್ಶನ ಎಂದಳು. ಇವಳಿಗೆ ಇನ್ನೂ ಎಷ್ಟೊಂದು ಕೆಲಸ ಬಾಕಿ ಇದೆಯಲ್ಲ ಎಂದು ನನಗೆ ಕನಿಕರವಾಯಿತು. ಅವು ಮುಗಿದ ಚಿತ್ರಗಳು ಎಂದು ನನಗೆ ಗೊತ್ತಾದದ್ದು ಆಮೇಲೆ.

ಅವಳು ಚಹಾ ಮಾಡಿ ಕೊಟ್ಟು ವಿಷಯ ಹೇಳಿದಳು. ಅವಳ ಇಂಗ್ಲಿಷ್ ನಿಧಾನ, ನನ್ನದು ಗಿರಾಕಿಗಳಿಂದ ಕಲಿತ ಇಂಗ್ಲಿಷ್, ಹೇಗೋ ನಡೆಯಿತು. ಅವಳ ನಾಡಿನ ಇಗ್ಬೋ ಜನರ ಹೆಂಗಸರು ಒಬ್ಬರ ಮೈಮೇಲೆ ಒಬ್ಬರು ಬರೆಯುವ ಗೆರೆಗಳಿಗೆ ಉಲಿ ಎಂದು ಹೆಸರು. ಕಾಡಿನ ಒಂದು ಕಾಯಿಯ ರಸದಿಂದ ಬರೆಯುತ್ತಾರೆ. ಮನೆಯ ಮಣ್ಣಿನ ಗೋಡೆಗೂ ಬರೆಯುತ್ತಿದ್ದರಂತೆ, ಮಳೆಗೆ ತೊಳೆದು ಹೋದರೆ ಎಲ್ಲರೂ ಸೇರಿ ಮತ್ತೆ ಬರೆಯುತ್ತಿದ್ದರಂತೆ. ಮೈಮೇಲಿನದ್ದು ಎಂಟು ದಿನಕ್ಕೆ ಮಾಸುತ್ತದೆ. ತನಗೆ ತಾನೇ ಬರೆದುಕೊಳ್ಳುವುದು ಇಲ್ಲವೇ ಇಲ್ಲ. ಯಾವಾಗಲೂ ಇನ್ನೊಬ್ಬಳೇ ಬರೆಯಬೇಕು.

ಅವಳನ್ನು ಸಾಕಿದ್ದು ಅತ್ತೆ, ಅಂದರೆ ತಂದೆಯ ಅಕ್ಕ. ಅವರ ಊರಿನಲ್ಲಿ ಉಲಿ ಬರೆಯುವ ಕೊನೆಯವಳು ಆ ಮುದುಕಿಯೇ. ಈಗ ಅವಳ ಒಂದು ಕಣ್ಣು ಹೋಗಿದೆ. ಇನ್ನೊಂದು ಎಷ್ಟು ತಿಂಗಳೋ ಹೇಳಲಾಗದು ಎಂದಿದ್ದಾರೆ ಡಾಕ್ಟರು. ದಪ್ಪಗೆ, ಕಪ್ಪಗೆ, ಬಿಡಿಬಿಡಿಯಾಗಿ ಇರುವುದು ಮಾತ್ರ ಅದಕ್ಕೆ ಕಾಣುತ್ತದೆ. ಕೈಯೂ ನಡುಗುತ್ತದೆ. ತಾನು ಕಟ್ಟಿದ ಒಂದು ಚಿತ್ತಾರವನ್ನು ಈ ಹುಡುಗಿಯ ಬೆನ್ನಿನ ಮೇಲೆ ಇನ್ನೊಮ್ಮೆ ನೋಡಬೇಕೆಂಬುದು ಅವಳ ಆಸೆ. ಆ ಊರಿಗೆ ಫೋನ್ ತೆಗೆದುಕೊಂಡು ಬರುವ ಸಂಬಂಧಿ ಭಾನುವಾರ ಬರುತ್ತಾನೆ, ಅವತ್ತೇ ತೋರಿಸಬೇಕು. ರಸವನ್ನೂ ಆ ಮುದುಕಿಯೇ ಹಿಂಡಿ ಒಂದು ಸಣ್ಣ ಬಾಟಲಿಯಲ್ಲಿ ಕಳಿಸಿದ್ದಳು. ಕಾಯಿಯ ಕಾಲ ಮುಗಿದಿದೆ, ಬೇರೆ ರಸ ಇಲ್ಲ.

"ಗೋಡೆಯ ಮೇಲಿರುವುದು ಜನಕ್ಕೆ," ಎಂದಳು. "ಇದು ಅವಳಿಗೆ."

ನನಗೆ ಅರ್ಥವಾಯಿತು ಎಂದೇ ನಾನು ಅಂದುಕೊಂಡೆ. ಪಾಪದ ಮುದುಕಿ, ಕೊನೆಯ ಸಲ ನೋಡುವುದು, ಒಳ್ಳೆಯದಾಗಿ ಕಾಣಲಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ಚಿತ್ತಾರವನ್ನು ಅವಳು ಕಾಗದದಲ್ಲಿ ಬರೆದುಕೊಟ್ಟಳು. ಕುತ್ತಿಗೆಯ ಬುಡದಿಂದ ಬೆನ್ನುಮೂಳೆಯ ಪಕ್ಕದಲ್ಲಿ ಇಳಿದು ಸೊಂಟದ ಹತ್ತಿರ ಸುರುಳಿಯಾಗುವ ಒಂದು ಹಾವು. ಎಡ ಭುಜದ ಮೇಲೆ ಒಂದು ಅರ್ಧಚಂದ್ರ. ಅದರ ಕೆಳಗೆ ಮೂರು ಚುಕ್ಕಿ. ಅಷ್ಟೇ. ಪ್ರತಿಯೊಂದು ಗೆರೆಯ ಮೇಲೂ ಮೂರು ಸಲ ಎಳೆಯಬೇಕು ಎಂದಳು. ಬರೆಯಲು ಕೊಟ್ಟದ್ದು ತಾಳೆಗರಿಯ ಕಡ್ಡಿ. ನಾವು ಮನೆ ಗುಡಿಸುವ ಹಿಡಿಸೂಡಿಯ ಕಡ್ಡಿಯನ್ನೇ ಸೀಳಿದಂತಿತ್ತು. ಇಪ್ಪತ್ತು ವರ್ಷ ಕೋನ್ ಹಿಡಿದ ಕೈಗೆ ಅದು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಚಾಪೆಯ ಮೇಲೆ ಕವುಚಿ ಮಲಗಿದಳು. ರಸ ನೀರಿನ ಹಾಗಿತ್ತು. ಎಳೆದಾಗ ಒದ್ದೆ ಗೆರೆ ಒಂದು ಕ್ಷಣ ಹೊಳೆಯುತ್ತದೆ, ಒಣಗಿದರೆ ಏನೂ ಇಲ್ಲ. ನಾಳೆ ಬೆಳಿಗ್ಗೆಗೆ ಕಪ್ಪಾಗುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು. ಮೂರು ಮೂರು ಸಲ ಎಳೆದರೂ ನನ್ನ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ನೋಡಿದರೆ ಅವಳಿಗೆ ನಿದ್ದೆ ಬಂದಿತ್ತು. ಎಷ್ಟು ದಿನದಿಂದ ಸರಿಯಾಗಿ ಮಲಗಿರಲಿಲ್ಲವೋ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ರಸ ಉಳಿದಿತ್ತು. ಎದುರಿಗೆ ಅಷ್ಟಗಲದ ಬೆನ್ನು, ಏನೂ ಬರೆದಂತೆಯೇ ಕಾಣುತ್ತಿಲ್ಲ. ನಮ್ಮ ಮದುವೆ ಹುಡುಗಿಯರು ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಹೀಗೆಯೇ ಬೇಕು ಅನ್ನುತ್ತಾರೆ. ಹಾಗೆಯೇ ಹಾಕಿದರೆ ಮುಖ ಸಣ್ಣದು ಮಾಡುತ್ತಾರೆ. ತೋರಿಸಿದ್ದು ನೆವ, ಅದರ ಮೇಲೆ ನಾವು ಸೇರಿಸಬೇಕು, ಅದೇ ಈ ಕಸುಬು. ಕಾಗದದ ಮೇಲಿನ ಆ ನಾಲ್ಕು ಗೆರೆಯನ್ನೂ ನಾನು ಹಾಗೆಯೇ ತಿಳಿದೆ. ಕಡ್ಡಿ ಅದ್ದಿ, ಹಾವಿನ ಎರಡೂ ಕಡೆ ಸಣ್ಣ ಜಾಲರಿ ಶುರು ಮಾಡಿದೆ. ಚಂದ್ರನ ಸುತ್ತ ಮಾವಿನಕಾಯಿ, ಅದರೊಳಗೆ ಎಲೆ, ಎಲೆಯೊಳಗೆ ಚುಕ್ಕಿ. ಬರೆದದ್ದು ಕಾಣದೇ ಇದ್ದುದರಿಂದ ಎಷ್ಟಾಯಿತೆಂದು ನನಗೂ ಲೆಕ್ಕ ಸಿಗಲಿಲ್ಲ. ಎರಡೂವರೆ ಗಂಟೆ ಬಗ್ಗಿ ಕೂತು, ಬಾಟಲಿ ಖಾಲಿಯಾದ ಮೇಲೆ ಎದ್ದೆ. ಸೊಂಟ ಹಿಡಿದುಕೊಂಡಿತ್ತು. ತುಂಬ ಖುಷಿಯಾಗಿತ್ತು. ಅವಳನ್ನು ಎಬ್ಬಿಸಿ, ನಾಳೆ ನೋಡು ಎಂದು ಹೇಳಿ ಬಂದೆ.

ಗುರುವಾರ ಬೆಳಿಗ್ಗೆ ಫೋನಿಗೆ ಒಂದು ಚಿತ್ರ ಬಂತು. ಕನ್ನಡಿಗೆ ಬೆನ್ನು ಹಾಕಿ ತೆಗೆದದ್ದು. ನಾನು ಬರೆದ ಕೆಲಸಗಳಲ್ಲೇ ಅತಿ ಚೆಂದದ್ದು ಅದು. ಈಗಲೂ ಹಾಗೇ ಹೇಳುತ್ತೇನೆ. ಭುಜದಿಂದ ಸೊಂಟದವರೆಗೆ ಕಪ್ಪು ಲೇಸಿನ ಬಟ್ಟೆ ಹೊದ್ದ ಹಾಗೆ ಇತ್ತು. ಹಾವು ಎಲ್ಲಿದೆ ಎಂದು ಮಾತ್ರ ಹುಡುಕಬೇಕಿತ್ತು. ಚಿತ್ರದ ಕೆಳಗೆ ಒಂದೇ ಮಾತು: ಬಾ.

ಹೋದೆ. ಅವಳು ಕೂಗಾಡುತ್ತಾಳೆಂದು ನಾನು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು ಕೂಗಾಡಲಿಲ್ಲ.

"ಚೆನ್ನಾಗಿದೆ," ಎಂದಳು. "ಆದರೆ ಅವಳಿಗೆ ಇದು ಕಾಣುವುದಿಲ್ಲ. ಮಸಿ ಬಳಿದುಕೊಂಡಿದ್ದೀಯಾ ಎಂದು ಕೇಳುತ್ತಾಳೆ."

ನಾನು ಸಿದ್ಧ ಮಾಡಿಕೊಂಡ ಉತ್ತರ ಎಲ್ಲವನ್ನೂ ಹೇಳಿದೆ. ಸಿಟ್ಟಿನಿಂದಲೇ ಹೇಳಿದೆ. ಅಷ್ಟು ದೂರದಿಂದ ಬಂದು ಅರ್ಧ ಗಂಟೆ ಬರೆದು ಹೋಗುವವಳಲ್ಲ ನಾನು, ಕಷ್ಟಪಟ್ಟಿದ್ದೇನೆ, ಅಷ್ಟು ಖಾಲಿ ಬಿಟ್ಟರೆ ಜನ ಏನು ಹೇಳುತ್ತಾರೆ ಎಂದೆಲ್ಲ.

"ಯಾವ ಜನ?" ಎಂದು ಕೇಳಿದಳು.

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆ ಬೆನ್ನನ್ನು ನೋಡುವವಳು ಒಬ್ಬಳೇ, ಅವಳೂ ಅರೆಗುರುಡಿ. ಅವಳು ಗೋಡೆಯ ಬಟ್ಟೆಯೊಂದರ ಮುಂದೆ ನನ್ನನ್ನು ನಿಲ್ಲಿಸಿ, ಗೆರೆ ಇಲ್ಲದ ಕಡೆ ಕೈ ಇಟ್ಟು, ಈ ಖಾಲಿಯೂ ಚಿತ್ತಾರವೇ, ಮುಟ್ಟದೆ ಬಿಡುವುದೇ ಇದನ್ನು ಬರೆಯುವ ಬಗೆ ಎಂದಳು. ಚಿಕ್ಕವಳಿದ್ದಾಗ ಅವಳು ಇನ್ನೊಂದು ಚುಕ್ಕಿ ಇಡಲು ಕಡ್ಡಿ ಅದ್ದಿದರೆ ಅತ್ತೆ ಕೈಯ ಮೇಲೆ ಹೊಡೆಯುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಮುಖ ಆಚೆ ತಿರುಗಿಸಿದಳು. ಹೊದ್ದ ಬಟ್ಟೆ ಜಾರಿ ಆಗ ನನಗೆ ಕಂಡದ್ದು ಮತ್ತೆ ಆ ಬೆನ್ನೇ, ಅದರ ಮೇಲೆ ನನ್ನ ಮಾವಿನಕಾಯಿಗಳು. ನಾಚಿಕೆ ಎಂದರೆ ಏನೆಂದು ನನಗೆ ಅಲ್ಲಿ ತಿಳಿಯಿತು.

ಮನೆಗೆ ಬಂದು ಸೀದಾ ನರ್ಸಿನ ಬಾಗಿಲು ತಟ್ಟಿದೆ. ಎಂಟು ದಿನ ಇರುವ ಬಣ್ಣವನ್ನು ಮೂರು ದಿನದಲ್ಲಿ ತೆಗೆಯಬೇಕಿತ್ತು. ಅದೂ ಎಲ್ಲವನ್ನೂ ಅಲ್ಲ, ನಾನು ಸೇರಿಸಿದ್ದನ್ನು ಮಾತ್ರ.

"ಉಪ್ಪು, ನಿಂಬೆ ಹಾಕಿ ಉಜ್ಜುದಾ?" ಎಂದು ಕೇಳಿದೆ.

"ಅಯ್ಯೋ ಬೇಡ ಮಾರಾಯ್ತಿ, ಚರ್ಮ ಎದ್ದು ಬರ್ತದೆ. ತೆಂಗಿನೆಣ್ಣೆ ಹಾಕಿ, ಕಡ್ಲೆಹಿಟ್ಟು ಹಾಕಿ ಮೆಲ್ಲ ಉಜ್ಜಿ. ದಿನಕ್ಕೆ ಎರಡು ಸಲ. ಕೆಂಪಾದ್ರೆ ನಿಲ್ಲಿಸಿ." ಸ್ವಲ್ಪ ತಡೆದು ಸೇರಿಸಿದಳು: "ಅವಳು ಹೇಳಿದಷ್ಟೇ ನೀವು ಬರೆದಿದ್ರೆ ಎಂತ ಆಗ್ತಿತ್ತು?"

"ಅದನ್ನೇ ನಾನೂ ಕೇಳಿಕೊಳ್ತಾ ಇದ್ದೇನೆ," ಎಂದೆ.

ಒಂದು ವಿಷಯ ನಮ್ಮ ಪರವಾಗಿತ್ತು. ಹಾವು, ಚಂದ್ರ, ಚುಕ್ಕಿಗಳನ್ನು ನಾನು ಮೂರು ಸಲ ಎಳೆದಿದ್ದೆ. ಜಾಲರಿಯನ್ನು ಒಂದೇ ಸಲ, ತೆಳ್ಳಗೆ. ಉಜ್ಜಿದರೆ ತೆಳ್ಳಗಿನದ್ದು ಮೊದಲು ಹೋಗಬೇಕು. ಹೀಗೆ ಹೇಳಿದಾಗ ಕಲಾವಿದೆ, ಆಯಿತು, ಮಾಡು ಎಂದಳು. ಬೇರೆ ದಾರಿಯೂ ಇರಲಿಲ್ಲ.

ಗುರುವಾರ ಸಂಜೆ, ಶುಕ್ರವಾರ ಎರಡು ಹೊತ್ತು, ಶನಿವಾರ ಎರಡು ಹೊತ್ತು ನಾನು ಅವಳ ಬೆನ್ನಿನ ಪಕ್ಕದಲ್ಲಿ ಕೂತು ಅಳಿಸಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಗೆ ಎಣ್ಣೆ, ಅದರ ಮೇಲೆ ಹಿಟ್ಟು. ಜಾಲರಿಯ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಉಜ್ಜಬೇಕಿತ್ತು, ಹಾವಿನ ಮೈಗೆ ತಾಗದ ಹಾಗೆ. ಬಣ್ಣ ಗಾಢವಾಗಲಿ ಎಂದು ನಿಂಬೆರಸ, ಸಕ್ಕರೆ ನೀರು, ಲವಂಗದ ಹೊಗೆ ಎಂದು ಇಪ್ಪತ್ತು ವರ್ಷ ಒದ್ದಾಡಿದವಳು ನಾನು. ಬರೆದದ್ದಕ್ಕಿಂತ ಅಳಿಸಲು ನಾಲ್ಕು ಪಟ್ಟು ಹೊತ್ತು ಹಿಡಿಯಿತು. ಅವಳು ಒಮ್ಮೆಯೂ ನೋವು ಎನ್ನಲಿಲ್ಲ. ನಾನು ಗುಣುಗುಣು ಬೈಯುತ್ತಿದ್ದೆ. ಯಾರನ್ನು ಬೈಯುತ್ತಿದ್ದೀಯಾ ಎಂದು ಕೇಳಿದಳು, ನನ್ನನ್ನೇ ಎಂದೆ. ಅದಕ್ಕೆ ನಕ್ಕಳು. ನಗುವಾಗ ಬೆನ್ನು ಅಲುಗಿ ಕಡ್ಡಿ ಚಂದ್ರನ ಅಂಚಿಗೆ ತಾಗಿತು.

ಹಾಗೆ ಕೂತಾಗ ನೆನಪಾಯಿತು. ನನ್ನ ಅಜ್ಜಿಯ ಕಾಲದಲ್ಲಿ ಕೋನ್ ಇರಲಿಲ್ಲ. ಮದುವೆಗೆ ಹಲಸಿನ ಅಂಟನ್ನು ಬಿಸಿ ಮಾಡಿ, ತೆಂಗಿನ ಕಡ್ಡಿಯಲ್ಲಿ ಅಂಗೈ ಮೇಲೆ ಚುಕ್ಕಿ ಚುಕ್ಕಿ ಇಡುತ್ತಿದ್ದರು. ಅದರ ಮೇಲೆ ಮದರಂಗಿಯನ್ನು ಪೂರ್ತಿ ಮೆತ್ತಿಬಿಡುವುದು. ಮಾರನೆ ದಿನ ಅಂಟು ಕಿತ್ತರೆ ಕೆಂಪು ಕೈಯ ಮೇಲೆ ಬಿಳಿ ಚುಕ್ಕಿಗಳು. ಬಣ್ಣ ಹತ್ತದೇ ಉಳಿದ ಜಾಗವೇ ಅಲ್ಲಿ ಚಿತ್ತಾರ. ಅದನ್ನು ಹಳ್ಳಿ ಕೆಲಸ ಎಂದು ನಕ್ಕವಳು ನಾನೇ, ನನ್ನ ಮದುವೆಗೆ ಬಾಂಬೆಯಿಂದ ಕೋನ್ ತರಿಸಿದವಳೂ ನಾನೇ. ಅಜ್ಜಿಗೆ ಬೇಸರವಾಗಿತ್ತೇ ಎಂದು ನಾನು ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಜಾಲರಿ ಬಹುಮಟ್ಟಿಗೆ ಹೋಗಿತ್ತು. ಚಂದ್ರನ ಸುತ್ತ ಮಾತ್ರ ಸ್ವಲ್ಪ ಬೂದು ಉಳಿದಿತ್ತು. ಅಲ್ಲಿ ಚರ್ಮ ಕೆಂಪಾದದ್ದರಿಂದ ನಾನು ನಿಲ್ಲಿಸಿದ್ದೆ. ಹಾವು ಮೊದಲಿನಷ್ಟು ಕಪ್ಪಾಗಿರಲಿಲ್ಲ, ಆದರೂ ಇತ್ತು. ಈ ಬಣ್ಣ ಆ ಕಣ್ಣಿಗೆ ಸಾಕೋ ಸಾಲದೋ ಹೇಳುವವರು ಯಾರೂ ಇರಲಿಲ್ಲ.

ಕರೆ ಬಂತು. ಪರದೆಯ ತುಂಬ ಮೊದಲು ಒಂದು ಗಲ್ಲ, ಆಮೇಲೆ ಒಂದು ಕಣ್ಣು. ಮುದುಕಿ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಅವಳ ಪಕ್ಕದಿಂದ ಯಾರೋ ಗಂಡಸು ಏನೋ ಹೇಳಿ ಫೋನನ್ನು ಅವಳ ಕೈಗೆ ಪೂರ್ತಿ ಬಿಟ್ಟು ಹೋದ. ಅತ್ತೆ ಸೊಸೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಕಲಾವಿದೆ ನನ್ನ ಕೈಗೆ ಫೋನ್ ಕೊಟ್ಟು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತು, ಹೊದ್ದ ಬಟ್ಟೆ ಇಳಿಸಿದಳು.

ನಾನು ಕುತ್ತಿಗೆಯಿಂದ ಶುರು ಮಾಡಿ ಫೋನನ್ನು ನಿಧಾನಕ್ಕೆ ಕೆಳಗೆ ತಂದೆ. ಸೊಂಟದ ಸುರುಳಿಯ ಹತ್ತಿರ ನಿಲ್ಲಿಸಿದೆ. ಆ ಕಡೆಯಿಂದ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಮತ್ತೆ ಮೇಲಿನಿಂದ ತೋರಿಸಿದೆ, ಈ ಸಲ ಸ್ವಲ್ಪ ದೂರದಿಂದ. ಗಾಜಿನ ಮೇಲೆ ಉಗುರು ಎಳೆದ ಹಾಗೆ ಒಂದು ಸಣ್ಣ ಸದ್ದು ಕೇಳಿಸಿತು. ಪರದೆಯ ಅಂಚಿನಲ್ಲಿ ಕೈಯ ನೆರಳು ಅಲುಗುತ್ತಿತ್ತು, ಮುದುಕಿ ತನ್ನ ಫೋನಿನ ಮೇಲೆ ಬೆರಳಿಟ್ಟು ಹಾವಿನ ಜೊತೆಗೆ ಇಳಿಯುತ್ತಿದ್ದಳು. ಸುರುಳಿಯ ಹತ್ತಿರ ಉಗುರು ಸುತ್ತು ಹಾಕಿತು, ನಿಂತಿತು. ಆಮೇಲೆ ಅವಳು ಏನೋ ಹೇಳಿದಳು.

"ಕಂಡಿತಂತೆ," ಎಂದಳು ಕಲಾವಿದೆ, ತಿರುಗದೆಯೇ.

ಮುದುಕಿ ಮತ್ತೇನೋ ಕೇಳಿದಳು. ಚಂದ್ರನಿಗೆ ಮಂಜು ಯಾಕೆ ಮುಸುಕಿದೆ ಎಂದು ಕೇಳುತ್ತಿದ್ದಾಳೆ ಎಂದಳು ಕಲಾವಿದೆ.

"ಅದು ನನ್ನ ತಪ್ಪು ಎಂದು ಹೇಳು," ಎಂದೆ. "ಪೂರ್ತಿ ಹೇಳು."

ಅವಳು ಪೂರ್ತಿ ಹೇಳಿದಳು. ಹೇಳಲು ಬಹಳ ಹೊತ್ತು ಬೇಕಾಯಿತು. ನಡುವೆ ಮುದುಕಿ ಎರಡು ಸಲ ಗಟ್ಟಿಯಾಗಿ ನಕ್ಕಳು, ಒಂದು ಸಲ ಬೈದಳು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಕೊನೆಗೆ, ಆ ಹೆಂಗಸಿನ ಕೈ ತೋರಿಸು ಎಂದಳಂತೆ.

ನಾನು ಫೋನನ್ನು ಕಲಾವಿದೆಗೆ ಕೊಟ್ಟು ಎರಡೂ ಅಂಗೈ ಎದುರಿಗೆ ಹಿಡಿದೆ. ಮುದುಕಿಯ ಕಣ್ಣು ಹತ್ತಿರ ಬಂತು, ದೂರ ಹೋಯಿತು, ಮತ್ತೆ ಹತ್ತಿರ ಬಂತು.

"ಏನೂ ಕಾಣುತ್ತಿಲ್ಲವಂತೆ," ಎಂದಳು ಕಲಾವಿದೆ. "ಎಲ್ಲರ ಕೈಗೆ ಬರೆಯುವವಳಲ್ಲವಾ, ನಿನ್ನ ಕೈಗೆ ಯಾರು ಬರೆಯುತ್ತಾರೆ ಎಂದು ಕೇಳುತ್ತಿದ್ದಾಳೆ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಮದುವೆ ಹುಡುಗಿಯರು ಕೇಳಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಹಬ್ಬದ ಹಿಂದಿನ ದಿನ ಬಾಗಿಲಲ್ಲಿ ಸಾಲು ನಿಂತವರಿಗೆಲ್ಲ ಬರೆದು ಮುಗಿಸುವಾಗ ಕೋನ್ ಹಿಡಿಯಲೂ ಶಕ್ತಿ ಇರುತ್ತಿರಲಿಲ್ಲ.

"ಮದುವೆಯ ನಂತರ ಯಾರೂ ಇಲ್ಲ," ಎಂದೆ. ಅಳಬಾರದೆಂದುಕೊಂಡರೂ ಅಳು ಬಂತು.

ಕಲಾವಿದೆ ಅದನ್ನು ತನ್ನ ಭಾಷೆಯಲ್ಲಿ ಹೇಳಿದಳು. ಮುದುಕಿ ಫೋನನ್ನು ಎಲ್ಲಿಗೋ ಒರಗಿಸಿಟ್ಟು ಹಿಂದೆ ಸರಿದು ಕೂತಳು. ನಡುಗುವ ಎರಡೂ ತೋಳನ್ನು ನಮ್ಮ ಕಡೆಗೆ ಎತ್ತಿ, ಮೊದಲು ಅಂಗೈ, ಆಮೇಲೆ ಮೊಣಕೈವರೆಗೆ ತಿರುಗಿಸಿ ತೋರಿಸಿದಳು. ಅಲ್ಲೂ ಉಲಿಯ ಒಂದು ಗೆರೆಯೂ ಇರಲಿಲ್ಲ.